ಲಾರಿ, ರೈಲು, ಮತ್ತೆ ಲಾರಿ: ಕಂಟೇನರ್‌ನಲ್ಲಿ ಸರಕು ಕಳಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

"ದೂರದ ಊರಿಗೆ ಪ್ರತಿ ತಿಂಗಳೂ ಲೋಡು ಕಳಿಸ್ತೀವಿ. ರೈಲಿನಲ್ಲಾದರೆ ಖರ್ಚು ಕಡಿಮೆ ಅಂತಾರೆ. ಆದರೆ ನಮ್ಮ ಗೋದಾಮಿನ ಬಾಗಿಲಿಗೆ ರೈಲು ಬರಲ್ಲ. ಏನು ಮಾಡೋದು?" ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳಿದ್ದಾರೆ, ಈಗಲೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಮೊದಲ ಸಲ ಕಳಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಈ ಪದ್ಧತಿಗೆ ಇಂಟರ್‌ಮೋಡಲ್ ಎನ್ನುತ್ತಾರೆ. ಸರಕನ್ನು ಒಂದು ಪೆಟ್ಟಿಗೆಗೆ, ಅಂದರೆ ಕಂಟೇನರ್‌ಗೆ, ಒಂದೇ ಸಲ ತುಂಬುತ್ತೀರಿ. ಆಮೇಲೆ ಲಾರಿಯಿಂದ ರೈಲಿಗೆ, ರೈಲಿನಿಂದ ಇನ್ನೊಂದು ಲಾರಿಗೆ ಹೋಗುವುದು ಆ ಪೆಟ್ಟಿಗೆ. ಒಳಗಿನ ಮಾಲನ್ನು ದಾರಿಯಲ್ಲಿ ಯಾರೂ ಮುಟ್ಟುವುದಿಲ್ಲ. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ಇಂಥ 58 ಪೆಟ್ಟಿಗೆಗಳನ್ನು ಹಡಗಿನ ಮೇಲೆ ಸಾಗಿಸಿದ. ಈಗಿನ ಕಂಟೇನರ್ ಸಾಗಣೆ ಶುರುವಾದದ್ದು ಅಲ್ಲಿಂದ ಎಂದು ಲೆಕ್ಕ. ಅಳತೆ ಎಲ್ಲ ಕಡೆ ಒಂದೇ ಆದ ಮೇಲೆ ಕ್ರೇನು, ಲಾರಿ, ರೈಲು ಎಲ್ಲಕ್ಕೂ ಅದು ಹೊಂದಿಕೊಂಡಿತು.

ಶುರು ಮಾಡುವ ಮೊದಲು ಒಂದು ಮಾತು. ಪೆಟ್ಟಿಗೆ ರೈಲಿನ ಮೇಲೆ ಓಡುತ್ತಿರುವಾಗ ನಿಮಗೆ ತೊಂದರೆ ಬರುವುದು ಕಡಿಮೆ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗಗಳಿವೆಯಲ್ಲ, ನಿಮ್ಮ ಗೋದಾಮಿನ ಗೇಟು, ಟರ್ಮಿನಲ್ (ಪೆಟ್ಟಿಗೆಯನ್ನು ಲಾರಿಯಿಂದ ರೈಲಿಗೆ, ರೈಲಿನಿಂದ ಲಾರಿಗೆ ಎತ್ತಿಡುವ ಜಾಗ) ಗೇಟು, ಆ ಕಡೆಯ ಯಾರ್ಡು, ದುಡ್ಡು ಸೋರುವುದೂ ಜಗಳ ಹುಟ್ಟುವುದೂ ಅಲ್ಲಿ. ಕೆಳಗಿನ ಹಂತಗಳನ್ನು ಓದುವಾಗ ಆ ಜಾಗಗಳ ಮೇಲೆ ಕಣ್ಣಿಡಿ.

1. ಮೊದಲು ಲೆಕ್ಕ ಹಾಕಿ: ನಿಮ್ಮ ಸರಕಿಗೆ ಇದು ಹೊಂದುತ್ತದೆಯೇ?

ರೈಲಿನಲ್ಲಿ ಕಿಲೋಮೀಟರ್ ಲೆಕ್ಕದ ಖರ್ಚು ಕಡಿಮೆ, ನಿಜ. ಆದರೆ ಅದರ ಜೊತೆಗೆ ಎರಡು ತುದಿಯಲ್ಲೂ ಲಾರಿ ಬಾಡಿಗೆ ಇದೆ. ಎರಡು ಟರ್ಮಿನಲ್‌ನಲ್ಲೂ ಪೆಟ್ಟಿಗೆ ಎತ್ತಿಳಿಸುವ ಶುಲ್ಕ ಇದೆ. ದೂರ ಎಷ್ಟೇ ಇರಲಿ, ಇವು ಇದ್ದೇ ಇರುತ್ತವೆ. ಹಾಗಾಗಿ ಹತ್ತಿರದ ಊರಿಗೆ ಲಾರಿಯೇ ಲಾಭ. ದೂರ ಹಲವು ನೂರು ಕಿಲೋಮೀಟರ್ ದಾಟಿದ ಮೇಲೆ ಮಾತ್ರ ರೈಲು ಗೆಲ್ಲುತ್ತದೆ.

ದರ ಕೇಳುವಾಗ ಬರೀ ರೈಲು ಬಾಡಿಗೆ ಕೇಳಬೇಡಿ. ಬಾಗಿಲಿನಿಂದ ಬಾಗಿಲಿಗೆ ಒಟ್ಟು ಎಷ್ಟು ಎಂದು ಕೇಳಿ. ಮೊದಲ ಲಾರಿ, ಎತ್ತುವ ಶುಲ್ಕ, ರೈಲು, ಇಳಿಸುವ ಶುಲ್ಕ, ಕೊನೆಯ ಲಾರಿ, ಖಾಲಿ ಪೆಟ್ಟಿಗೆ ವಾಪಸ್ ಕೊಡುವ ಖರ್ಚು, ಹೀಗೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ.

ಟರ್ಮಿನಲ್ ಯಾವ ದಿಕ್ಕಿನಲ್ಲಿದೆ ಎಂದೂ ನೋಡಿ. ಸರಕು ಪೂರ್ವಕ್ಕೆ ಹೋಗಬೇಕು, ಟರ್ಮಿನಲ್ ಮಾತ್ರ ಪಶ್ಚಿಮಕ್ಕೆ ನೂರು ಕಿಲೋಮೀಟರ್ ದೂರದಲ್ಲಿದೆ ಎಂದರೆ ಉಳಿತಾಯದ ಬಹುಪಾಲು ಅಲ್ಲೇ ಹೋಗುತ್ತದೆ. ಅವಸರದ ಸರಕನ್ನಂತೂ ಇದರಲ್ಲಿ ಹಾಕಬೇಡಿ. ಪ್ರತಿ ವಾರ ಒಂದೇ ದಾರಿಯಲ್ಲಿ ಹೋಗುವ, ಒಂದೆರಡು ದಿನ ತಡವಾದರೂ ನಡೆಯುವ, ತೂಕದ ಸರಕಿಗೆ ಇದು ಹೇಳಿ ಮಾಡಿಸಿದ್ದು.

2. ಜವಾಬ್ದಾರಿ ಯಾರದು ಎಂದು ಬರವಣಿಗೆಯಲ್ಲಿ ಪಡೆಯಿರಿ

ಎರಡು ದಾರಿಗಳಿವೆ. ಇಡೀ ಪ್ರಯಾಣವನ್ನು ಒಬ್ಬ ಫಾರ್ವರ್ಡರ್‌ಗೆ, ಅಂದರೆ ಸಾಗಣೆಯ ಏರ್ಪಾಡು ಮಾಡಿಕೊಡುವ ಏಜೆಂಟರಿಗೆ, ಒಪ್ಪಿಸುವುದು ಒಂದು. ಲಾರಿಯವರು, ರೈಲಿನವರು, ಆ ಕಡೆಯ ಲಾರಿಯವರು ಎಂದು ನೀವೇ ಬೇರೆ ಬೇರೆ ಗೊತ್ತು ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ದುಡ್ಡು ಉಳಿಯಬಹುದು. ಆದರೆ ರೈಲು ತಡವಾದಾಗ ಕೊನೆಯ ಲಾರಿಯವರಿಗೆ ಫೋನ್ ಮಾಡಬೇಕಾದವರು ನೀವೇ. ಮೊದಲ ನಾಲ್ಕೈದು ಸಲ ಒಬ್ಬರಿಗೇ ಒಪ್ಪಿಸಿ ಎಂಬುದು ನನ್ನ ಗಟ್ಟಿ ಸಲಹೆ. ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ ಕಲಿತ ಮೇಲೆ ನೀವೇ ಬೇರೆ ಬೇರೆ ಗೊತ್ತು ಮಾಡಿಕೊಳ್ಳಬಹುದು.

ವಿಮೆಯ ವಿಷಯವನ್ನೂ ಇಲ್ಲೇ ಮುಗಿಸಿ. ಸಾಗಣೆದಾರರು ಕೊಡುವ ಪರಿಹಾರ ಸಾಮಾನ್ಯವಾಗಿ ಸರಕಿನ ಬೆಲೆಯ ಮೇಲೆ ನಿಲ್ಲುವುದಿಲ್ಲ, ತೂಕದ ಮೇಲೆ ನಿಲ್ಲುತ್ತದೆ. ಉದಾಹರಣೆಗೆ, ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ಹೋಗುವ ಸರಕಿಗೆ ಎರಡು ಒಪ್ಪಂದಗಳಿವೆ. ರಸ್ತೆಯ ಸಿಎಂಆರ್ ಒಪ್ಪಂದದಲ್ಲಿ ಕಿಲೋಗೆ 8.33 ಎಸ್‌ಡಿಆರ್ ಮಿತಿ. ರೈಲಿನ ಸಿಐಎಂ ನಿಯಮದಲ್ಲಿ ಕಿಲೋಗೆ 17 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕೆ ಬಳಸುವ ಮೌಲ್ಯದ ಅಳತೆ. ಒಂದೇ ಪೆಟ್ಟಿಗೆ, ಒಂದೇ ಸರಕು, ಆದರೂ ಎಲ್ಲಿ ಹಾಳಾಯಿತು ಎಂಬುದರ ಮೇಲೆ ಪರಿಹಾರ ಎರಡು ಪಟ್ಟು ಬದಲಾಗುತ್ತದೆ. ಬಾಗಿಲು ತೆರೆದಾಗ ಒಳಗೆ ಒಡೆದಿದ್ದರೆ, ಎಲ್ಲಿ ಒಡೆಯಿತು ಎಂದು ಹೇಗೆ ತೋರಿಸುತ್ತೀರಿ? ಬೆಲೆಬಾಳುವ ಸರಕಾದರೆ ಇಡೀ ಪ್ರಯಾಣಕ್ಕೆ ನಿಮ್ಮದೇ ಸರಕು ವಿಮೆ ಮಾಡಿಸಿ.

3. ಪೆಟ್ಟಿಗೆ ಆರಿಸಿ, ಒಳಗೆ ಹೋಗಿ ನೋಡಿ

ಸಾಮಾನ್ಯವಾಗಿ ಸಿಗುವುದು 20 ಅಡಿ ಮತ್ತು 40 ಅಡಿಯ ಪೆಟ್ಟಿಗೆ. ಅಗಲ 8 ಅಡಿ, ಎತ್ತರ 8 ಅಡಿ 6 ಅಂಗುಲ. 9 ಅಡಿ 6 ಅಂಗುಲ ಎತ್ತರದ್ದಕ್ಕೆ ಹೈ ಕ್ಯೂಬ್ ಎನ್ನುತ್ತಾರೆ. 20 ಅಡಿಯದ್ದರಲ್ಲಿ ಸುಮಾರು 33 ಘನ ಮೀಟರ್, 40 ಅಡಿಯದ್ದರಲ್ಲಿ ಸುಮಾರು 67 ಘನ ಮೀಟರ್ ಜಾಗ. ಟಿಇಯು ಎಂಬ ಪದ ಕಿವಿಗೆ ಬಿದ್ದರೆ ಗಾಬರಿ ಬೇಡ. ಒಂದು 20 ಅಡಿ ಪೆಟ್ಟಿಗೆಯನ್ನು ಒಂದು ಟಿಇಯು ಎಂದು ಎಣಿಸುತ್ತಾರೆ, ಅಷ್ಟೇ. ಉತ್ತರ ಅಮೆರಿಕದಲ್ಲಿ ದೇಶದೊಳಗಿನ ಸಾಗಣೆಗೆ 53 ಅಡಿಯದ್ದೂ ಇದೆ.

ಟೈಲ್ಸ್, ಲೋಹ, ರಾಸಾಯನಿಕದಂಥ ಭಾರದ ಸರಕಿಗೆ 20 ಅಡಿ ಸಾಕು. ಹಗುರವಾದ, ಜಾಗ ಜಾಸ್ತಿ ತಿನ್ನುವ ಸರಕಿಗೆ 40 ಅಡಿ. 40 ಅಡಿಯಲ್ಲಿ ಎರಡು ಪಟ್ಟು ತೂಕ ಹಾಕಬಹುದು ಎಂದು ತಿಳಿಯುವುದು ತಪ್ಪು. ಎರಡಕ್ಕೂ ಒಟ್ಟು ತೂಕದ ಮಿತಿ ಸಾಮಾನ್ಯವಾಗಿ 30,480 ಕಿಲೋ.

ಖಾಲಿ ಪೆಟ್ಟಿಗೆ ಬಂದ ಕೂಡಲೇ ಒಳಗೆ ಹೋಗಿ, ಹೊರಗಿನಿಂದ ಬಾಗಿಲು ಮುಚ್ಚಿಸಿ. ಹೊರಗೆ ಒಬ್ಬರು ನಿಂತಿರಲೇಬೇಕು. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿಂದ ಮಳೆ ನೀರೂ ಬರುತ್ತದೆ. ನೆಲ ಒದ್ದೆ ಇದೆಯಾ, ಮೊಳೆ ಎದ್ದಿದೆಯಾ, ಹಿಂದಿನ ಸರಕಿನ ವಾಸನೆ ಇದೆಯಾ ನೋಡಿ. ಬಾಗಿಲ ಮೇಲೆ ಸಿಎಸ್‌ಸಿ ಫಲಕ ಇರಬೇಕು. ಪೆಟ್ಟಿಗೆ ಎತ್ತಲು, ಒಂದರ ಮೇಲೊಂದು ಇಡಲು ಸುರಕ್ಷಿತ ಎಂದು ತೋರಿಸುವ ಲೋಹದ ತಗಡು ಅದು. ಸರಿ ಇಲ್ಲ ಅನ್ನಿಸಿದರೆ ತುಂಬುವ ಮೊದಲೇ ವಾಪಸ್ ಕಳಿಸಿ. ತುಂಬಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

4. ತೂಕ: ರೈಲಿಗೆ ಸರಿ ಇದ್ದದ್ದು ರಸ್ತೆಗೆ ಸರಿ ಇರಬೇಕೆಂದಿಲ್ಲ

ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಪೆಟ್ಟಿಗೆಯ ಮೇಲೆ ಬರೆದ ಮಿತಿ ನೋಡಿ ತುಂಬುತ್ತಾರೆ. ರೈಲು ಆ ತೂಕವನ್ನು ಹೊರುತ್ತದೆ. ಆದರೆ ಎರಡು ತುದಿಯ ರಸ್ತೆ ಹೊರಲು ಬಿಡುವುದಿಲ್ಲ. ರಸ್ತೆಯ ಮಿತಿಯಲ್ಲಿ ಲಾರಿ, ಟ್ರೇಲರ್, ಪೆಟ್ಟಿಗೆ, ಸರಕು ಎಲ್ಲವೂ ಸೇರುತ್ತವೆ. ಅಮೆರಿಕದ ಹೆದ್ದಾರಿಗಳಲ್ಲಿ ಈ ಒಟ್ಟು ಮಿತಿ 80,000 ಪೌಂಡ್, ಅಂದರೆ ಸುಮಾರು 36.3 ಟನ್. ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಸಾಮಾನ್ಯವಾಗಿ 40 ಟನ್. ರೈಲಿಗೆ ಹೋಗುವ ಕಂಟೇನರ್ ಹೊತ್ತ ಕೆಲವು ಲಾರಿಗಳಿಗೆ 44 ಟನ್ ತನಕ ಅವಕಾಶವಿದೆ.

ಲೆಕ್ಕವನ್ನು ಹಿಂದಿನಿಂದ ಮಾಡಿ. ರಸ್ತೆಯ ಮಿತಿ 40 ಟನ್ ಎಂದುಕೊಳ್ಳಿ. ಲಾರಿ ಮತ್ತು ಟ್ರೇಲರ್‌ನ ಖಾಲಿ ತೂಕ 14 ಟನ್. 40 ಅಡಿ ಪೆಟ್ಟಿಗೆಯ ಖಾಲಿ ತೂಕ 3.8 ಟನ್. ಉಳಿಯುವುದು 22.2 ಟನ್. ಪೆಟ್ಟಿಗೆಯ ಮಿತಿಯನ್ನೇ ನಂಬಿದ್ದರೆ 26 ಟನ್‌ಗೂ ಜಾಸ್ತಿ ತುಂಬುತ್ತಿದ್ದಿರಿ, ಅಲ್ವಾ? ಆ ಹೆಚ್ಚಿನ ಸರಕು ಆ ಕಡೆಯ ಟರ್ಮಿನಲ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಎರಡೂ ಕಡೆಯ ಲಾರಿಯವರಿಂದ ಅವರ ಗಾಡಿಯ ಖಾಲಿ ತೂಕ ಕೇಳಿ, ಯಾವ ಕಡೆ ಮಿತಿ ಕಡಿಮೆಯೋ ಅದನ್ನು ಹಿಡಿಯಿರಿ. ಪ್ರತಿ ಆಕ್ಸಲ್, ಅಂದರೆ ಚಕ್ರಗಳ ಅಚ್ಚಿನ, ಮೇಲಿನ ಮಿತಿ ಬೇರೆಯೇ ಇದೆ. ಒಟ್ಟು ತೂಕ ಸರಿ ಇದ್ದರೂ ಸರಕು ಒಂದೇ ತುದಿಗೆ ಬಿದ್ದರೆ ತಪಾಸಣೆಯಲ್ಲಿ ನಿಲ್ಲುತ್ತೀರಿ.

ಪೆಟ್ಟಿಗೆ ಮುಂದೆ ಹಡಗು ಹತ್ತುವುದಾದರೆ ವಿಜಿಎಂ ಬೇಕು. ತುಂಬಿದ ಪೆಟ್ಟಿಗೆಯನ್ನು ತೂಗಿದ, ಅಥವಾ ಒಳಗಿನದ್ದನ್ನೆಲ್ಲ ತೂಗಿ ಕೂಡಿಸಿದ, ಖಾತ್ರಿಯಾದ ತೂಕ ಅದು. 2016ರ ಜುಲೈ 1ರಿಂದ ಇದು ಕಡ್ಡಾಯ. ಅಂದಾಜಿನ ತೂಕ ಬರೆದು ಕಳಿಸಬೇಡಿ.

5. ತುಂಬುವುದು ಮತ್ತು ಬಿಗಿಯುವುದು

ನಿಮ್ಮ ಕೈಯಲ್ಲಿ ಪೂರ್ತಿ ಇರುವ ಹಂತ ಇದೊಂದೇ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನೂ ಸರಿಪಡಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಸಮಯ ಜಾಸ್ತಿ ಕೊಡಿ.

ವಿಶ್ವಸಂಸ್ಥೆಯ ಮೂರು ಅಂಗಗಳು ಸೇರಿ 2014ರಲ್ಲಿ ಒಪ್ಪಿದ ಸಿಟಿಯು ಕೋಡ್ ಎಂಬ ಕೈಪಿಡಿ ಇದೆ. ಸರಕು ಪೆಟ್ಟಿಗೆಯನ್ನು ಹೇಗೆ ತುಂಬಬೇಕು ಎಂದು ಅದು ಹೇಳುತ್ತದೆ. ಅದರ ಪ್ರಕಾರ, ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8 ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದು ಲೆಕ್ಕ ಹಿಡಿಯಬೇಕು. ಪಕ್ಕಕ್ಕೆ 0.5. ರೈಲಿನಲ್ಲಿ ಹಿಂದೆ ಮುಂದೆ ಎರಡೂ ಕಡೆ 0.5. ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಜೋಡಿಸುವಾಗ ಗುದ್ದುವ ಅಪಾಯ ಇದ್ದರೆ 1.0. ಹತ್ತು ಟನ್ ಸರಕು ಹತ್ತು ಟನ್ ಬಲದಿಂದ ಗೋಡೆಗೆ ಗುದ್ದಬಹುದು ಎಂದರ್ಥ. ಬರೀ ಸುತ್ತಿದ ಪ್ಲಾಸ್ಟಿಕ್ ಹಾಳೆ ಇದನ್ನು ತಡೆಯುವುದಿಲ್ಲ.

ಇನ್ನೊಂದು ಮಾತು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಲಾರಿಯ ಮೇಲೆ ಪೆಟ್ಟಿಗೆಯ ಬಾಗಿಲು ಸಾಮಾನ್ಯವಾಗಿ ಹಿಂದಕ್ಕಿರುತ್ತದೆ. ರೈಲಿನ ಮೇಲೆ ಅದು ಯಾವ ದಿಕ್ಕಿಗೆ ಕೂರುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಬಾಗಿಲು ಮುಂದಕ್ಕೂ ಇರಬಹುದು. ಆದ್ದರಿಂದ ಮುಂದಿನ ಗೋಡೆಗೆ ಒತ್ತಿ ಇಟ್ಟರೆ ಸಾಕು ಎಂಬ ಲಾರಿಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಎರಡೂ ಕಡೆ ತಡೆ ಬೇಕು. ಬಾಗಿಲಿಗೆ ಒರಗಿಸಬೇಡಿ. ಬಾಗಿಲ ಹತ್ತಿರ ಮರದ ಅಡ್ಡಪಟ್ಟಿ ಹಾಕಿ, ಇಲ್ಲವೇ ಬೆಲ್ಟ್ ಬಿಗಿದು ಸರಕನ್ನು ಬಾಗಿಲಿಂದ ದೂರ ಹಿಡಿಯಿರಿ.

ನಡುವಿನ ಖಾಲಿ ಜಾಗಗಳನ್ನು ಮರದ ತುಂಡು ಅಥವಾ ಗಾಳಿ ತುಂಬುವ ಚೀಲಗಳಿಂದ ಮುಚ್ಚಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪೆಟ್ಟಿಗೆಯ ಅರ್ಧ ಉದ್ದದಲ್ಲಿ ಒಟ್ಟು ಸರಕಿನ ತೂಕದ ಶೇ 60ಕ್ಕಿಂತ ಜಾಸ್ತಿ ಬೀಳಬಾರದು. ಕ್ರೇನು ಎತ್ತುವಾಗ ಓರೆಯಾಗದಿರಲು ಈ ನಿಯಮ. ಸರಕು ಪೂರ್ತಿ ತುಂಬದಿದ್ದರೆ ಎಲ್ಲವನ್ನೂ ಒಳಗಿನ ತುದಿಗೆ ತಳ್ಳುವುದು ಸುಲಭ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಉದ್ದಕ್ಕೂ ಹರಡಿ, ಬಿಗಿಯಿರಿ.

ತೇವ ಇನ್ನೊಂದು ಶತ್ರು. ಹಗಲು ಕಾದು ರಾತ್ರಿ ತಣ್ಣಗಾದಾಗ ಚಾವಣಿಯ ಒಳಮೈಯಲ್ಲಿ ಹನಿ ಕಟ್ಟಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆ ಪ್ಯಾಲೆಟ್ (ಸರಕು ಇಡುವ ಮರದ ಹಲಗೆಮಣೆ) ಒಳಗಿಟ್ಟರೆ ಆ ನೀರು ನೀವೇ ತಂದಿಟ್ಟ ಹಾಗೆ. ಒಣಗಿದ ಮರವನ್ನೇ ಬಳಸಿ, ತೇವ ಹೀರುವ ಚೀಲಗಳನ್ನು ನೇತುಹಾಕಿ. ಗಡಿ ದಾಟುವ ಸರಕಾದರೆ ಮರದ ಪ್ಯಾಲೆಟ್ ಮೇಲೆ ಐಎಸ್‌ಪಿಎಂ 15 ಮುದ್ರೆ ಬೇಕಾಗುತ್ತದೆ. ಸಾಮಾನ್ಯವಾಗಿ ಮರದ ತಿರುಳಿನ ತನಕ 56 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 30 ನಿಮಿಷ ಕೊಟ್ಟು ಹುಳ ಸಾಯಿಸಿದ್ದಾರೆ ಎಂಬ ಗುರುತು ಅದು.

ತುಂಬುವಾಗ ಮೂರು ಫೋಟೊ ತೆಗೆಯಿರಿ: ಖಾಲಿ ಪೆಟ್ಟಿಗೆ, ಅರ್ಧ ತುಂಬಿದ್ದು, ಪೂರ್ತಿ ತುಂಬಿ ಬಿಗಿದದ್ದು. ಮೂರರಲ್ಲೂ ಪೆಟ್ಟಿಗೆಯ ನಂಬರ್ ಕಾಣಲಿ.

6. ನಂಬರು ಮತ್ತು ಸೀಲು

ಪ್ರತಿ ಪೆಟ್ಟಿಗೆಗೂ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಇನ್ನೊಂದು ಅಂಕಿ ಇರುತ್ತದೆ. ಆ ಕೊನೆಯದು ತಪಾಸಣೆಯ ಅಂಕಿ. ಉಳಿದ ಹತ್ತನ್ನು ಒಂದು ಸೂತ್ರಕ್ಕೆ ಹಾಕಿದರೆ ಆ ಅಂಕಿ ಬರುತ್ತದೆ. ಬರೆಯುವಾಗ ಒಂದು ಅಂಕಿ ತಪ್ಪಿದರೂ ಕಂಪ್ಯೂಟರ್ ಸಾಮಾನ್ಯವಾಗಿ ಹಿಡಿಯುತ್ತದೆ. ಹಾಗಾಗಿ ಹನ್ನೊಂದನ್ನೂ ಬರೆಯಿರಿ, ಹತ್ತಕ್ಕೆ ನಿಲ್ಲಿಸಬೇಡಿ.

ಸೀಲು ಎಂದರೆ ಬಾಗಿಲಿನ ಚಿಲಕಕ್ಕೆ ಹಾಕುವ, ಒಮ್ಮೆ ಹಾಕಿದರೆ ಕತ್ತರಿಸಿಯೇ ತೆಗೆಯಬೇಕಾದ ಬೀಗ. ಐಎಸ್‌ಒ 17712 ಮಾನದಂಡದ ಬೋಲ್ಟ್ ಸೀಲು ತೆಗೆದುಕೊಳ್ಳಿ. ನಿಮ್ಮ ಕಣ್ಣೆದುರೇ ಹಾಕಿಸಿ, ಎಳೆದು ನೋಡಿ, ನಂಬರ್ ಕಾಣುವಂತೆ ಫೋಟೊ ತೆಗೆಯಿರಿ. ಚಾಲಕರ ಕೈಗೆ ಸೀಲು ಕೊಟ್ಟು "ಆಮೇಲೆ ಹಾಕ್ಕೊಳ್ಳಿ" ಎಂದು ಕಳಿಸಬೇಡಿ.

7. ಸಮಯವನ್ನು ಹಿಂದಿನಿಂದ ಎಣಿಸಿ

ರೈಲು ಹೊರಡುವ ಹೊತ್ತು ನಿಮಗೆ ಮುಖ್ಯ ಅಲ್ಲ. ಕಟ್‌ಆಫ್ ಮುಖ್ಯ. ಈ ಗಂಟೆಯೊಳಗೆ ಪೆಟ್ಟಿಗೆ ಗೇಟಿನ ಒಳಗೆ ಬಂದಿರಬೇಕು ಎಂದು ಟರ್ಮಿನಲ್ ಹಾಕುವ ಗಡುವು ಅದು. ರೈಲು ರಾತ್ರಿ 10ಕ್ಕೆ, ಕಟ್‌ಆಫ್ ಸಂಜೆ 6ಕ್ಕೆ ಎಂದುಕೊಳ್ಳಿ. ಗೇಟಿನ ಸಾಲಿಗೆ ಒಂದು ಗಂಟೆ, ದಾರಿಗೆ ಎರಡು ಗಂಟೆ. ಲಾರಿ ಮಧ್ಯಾಹ್ನ 3ಕ್ಕೆ ಹೊರಡಬೇಕು. ತುಂಬಲು ಮೂರು ಗಂಟೆ, ಅಂದರೆ 12ಕ್ಕೆ ಶುರು. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಈ ಲೆಕ್ಕ ಸರಿ. ಹಾಗಾಗಿ ಬೆಳಿಗ್ಗೆಯೇ ಶುರು ಮಾಡಿ, ಸಾಧ್ಯವಾದರೆ ಹಿಂದಿನ ದಿನವೇ ತುಂಬಿಡಿ.

ಹೊರಡುವ ಮೊದಲು ಚಾಲಕರ ಕೈಯಲ್ಲಿ ಇವು ಇರಬೇಕು: ಬುಕಿಂಗ್ ನಂಬರ್, ಪೆಟ್ಟಿಗೆ ನಂಬರ್, ಸೀಲು ನಂಬರ್, ಒಟ್ಟು ತೂಕ, ಸರಕಿನ ವಿವರ, ಸೇರಬೇಕಾದ ಟರ್ಮಿನಲ್. ಅಪಾಯಕಾರಿ ಸರಕಾದರೆ ಅದರ ಯುಎನ್ ನಂಬರ್ (ಅಪಾಯಕಾರಿ ಸರಕನ್ನು ಗುರುತಿಸುವ ಸಂಖ್ಯೆ) ಮತ್ತು ಘೋಷಣೆ ಪತ್ರವೂ ಬೇಕು. ಇವೆಲ್ಲ ಟರ್ಮಿನಲ್‌ನ ಕಂಪ್ಯೂಟರ್‌ನಲ್ಲಿ ಇರುವುದರ ಜೊತೆ ಅಕ್ಷರ ಅಕ್ಷರ ಹೊಂದಬೇಕು. ಒಮ್ಮೆ ನಾನು ಕಳಿಸಿದ ಕಾಗದದಲ್ಲಿ ಸೀಲು ನಂಬರಿನ ಎರಡು ಅಂಕಿ ಅದಲುಬದಲಾಗಿತ್ತು. ಗೇಟಿನಲ್ಲಿ ಲಾರಿ ನಿಲ್ಲಿಸಿದರು. ಸರಿಪಡಿಸುವಷ್ಟರಲ್ಲಿ ಕಟ್‌ಆಫ್ ದಾಟಿತು. ಮುಂದಿನ ರೈಲು ಮೂರು ದಿನ ಬಿಟ್ಟು. ಅಂದಿನಿಂದ ನಂಬರನ್ನು ಕೈಯಲ್ಲಿ ಬರೆಯುವುದಿಲ್ಲ, ಫೋಟೊ ನೋಡಿಕೊಂಡು ಇನ್ನೊಬ್ಬರು ಓದುತ್ತಾರೆ, ನಾನು ತಾಳೆ ನೋಡುತ್ತೇನೆ.

ಶೀತಲ ಪೆಟ್ಟಿಗೆ, ಅಂದರೆ ರೀಫರ್, ಕಳಿಸುವವರು ಇನ್ನೊಂದು ಪ್ರಶ್ನೆ ಕೇಳಬೇಕು: ರೈಲಿನ ಮೇಲೆ ಕರೆಂಟ್ ಎಲ್ಲಿಂದ? ಹೈ ಕ್ಯೂಬ್ ಕಳಿಸುವವರು ಆ ಮಾರ್ಗದ ಸೇತುವೆಗಳ ಕೆಳಗೆ, ಸುರಂಗಗಳ ಒಳಗೆ ಅದು ಹಾಯುತ್ತದೆಯೇ ಎಂದು ಬುಕಿಂಗ್‌ಗೆ ಮುಂಚೆಯೇ ಖಚಿತ ಮಾಡಿಕೊಳ್ಳಿ.

8. ಗೇಟಿನಲ್ಲಿ ಕೈ ಬದಲಾಗುವಾಗ

ಟರ್ಮಿನಲ್ ಪೆಟ್ಟಿಗೆಯನ್ನು ಒಪ್ಪಿಕೊಳ್ಳುವಾಗ ಒಂದು ರಸೀದಿ ಕೊಡುತ್ತದೆ. ಇಐಆರ್ ಎನ್ನುತ್ತಾರೆ. ಪೆಟ್ಟಿಗೆ ಯಾವ ಸ್ಥಿತಿಯಲ್ಲಿ ಬಂತು, ಎಲ್ಲಿ ತಗ್ಗಾಗಿದೆ, ಎಲ್ಲಿ ಹರಿದಿದೆ ಎಂದು ಅದರಲ್ಲಿ ಬರೆದಿರುತ್ತಾರೆ. ಸುಮ್ನೆ ಸಹಿ ಹಾಕಿ ಬರಬೇಡಿ ಎಂದು ಚಾಲಕರಿಗೆ ಮೊದಲೇ ಹೇಳಿ. ಖಾಲಿ ಪೆಟ್ಟಿಗೆ ತರುವಾಗ ಮೊದಲೇ ತಗ್ಗಾಗಿದ್ದರೆ ಆಗಲೇ ಬರೆಸಬೇಕು. ಇಲ್ಲದಿದ್ದರೆ ವಾಪಸ್ ಕೊಡುವಾಗ ರಿಪೇರಿ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ.

9. ರೈಲು ಬಂತು ಎಂದರೆ ಪೆಟ್ಟಿಗೆ ಸಿಕ್ಕಿತು ಎಂದಲ್ಲ

ರೈಲು ಯಾರ್ಡಿಗೆ ಬಂದ ಮೇಲೆ ಪೆಟ್ಟಿಗೆ ಇಳಿಸಬೇಕು, ಸಾಲಾಗಿ ಇಡಬೇಕು, ಕಂಪ್ಯೂಟರ್‌ನಲ್ಲಿ "ತೆಗೆದುಕೊಂಡು ಹೋಗಬಹುದು" ಎಂದು ಬರಬೇಕು. ಇದಕ್ಕೆ ಹಲವು ಗಂಟೆ ಹಿಡಿಯಬಹುದು. ರೈಲು ಬಂತು ಎಂಬ ಸಂದೇಶ ನೋಡಿ ಲಾರಿ ಕಳಿಸಿದರೆ ಅದು ಸುಮ್ನೆ ನಿಂತಿರುತ್ತದೆ, ಕಾಯುವ ಬಾಡಿಗೆ ನೀವು ಕೊಡುತ್ತೀರಿ.

ದಾರಿಯಲ್ಲಿ ಹಳಿಯ ಅಗಲ ಬದಲಾಗುವ ಗಡಿ ಇದ್ದರೆ ಇನ್ನಷ್ಟು ಸಮಯ ಇಟ್ಟುಕೊಳ್ಳಿ. ಚೀನಾದಿಂದ ಯುರೋಪಿಗೆ ಹೋಗುವ ಪೆಟ್ಟಿಗೆಗಳು 1,435 ಮಿಲಿಮೀಟರ್ ಹಳಿಯಿಂದ 1,520ರ ಹಳಿಗೆ, ಮತ್ತೆ 1,435ಕ್ಕೆ ಬದಲಾಗುತ್ತವೆ. ಕಜಕಿಸ್ತಾನದ ಗಡಿಯ ಖೋರ್ಗೋಸ್, ಪೋಲೆಂಡಿನ ಮಾಲಾಶೆವಿಚೆ ಇಂಥ ಜಾಗಗಳು. ಒಂದೊಂದು ಪೆಟ್ಟಿಗೆಯನ್ನೂ ಬೇರೆ ವ್ಯಾಗನ್‌ಗೆ ಎತ್ತಿ ಇಡಬೇಕು, ಸಾಲು ಉದ್ದವಾಗುತ್ತದೆ.

ಈಗ ಗಡಿಯಾರದ ವಿಷಯ. ಪೆಟ್ಟಿಗೆ ಸಿಗುವಂತಾದ ಹೊತ್ತಿನಿಂದ ಕೆಲವು ಗಂಟೆ ಅಥವಾ ದಿನ ಉಚಿತ. ಅದು ಮುಗಿದ ಮೇಲೂ ಪೆಟ್ಟಿಗೆ ಟರ್ಮಿನಲ್‌ನಲ್ಲೇ ಇದ್ದರೆ ಸಾಮಾನ್ಯವಾಗಿ ಡೆಮರೇಜ್ ಎಂಬ ದಂಡ. ನೀವು ಹೊರಗೆ ತಂದು ವಾಪಸ್ ಕೊಡಲು ತಡ ಮಾಡಿದರೆ ಡಿಟೆನ್ಷನ್. ಕೆಲವರು ಈ ಪದಗಳನ್ನು ಅದಲುಬದಲಾಗಿ ಬಳಸುತ್ತಾರೆ. ಹಾಗಾಗಿ ಪದ ಬಿಡಿ, ಮೂರು ಪ್ರಶ್ನೆ ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಗಡಿಯಾರ ಯಾವಾಗ ಶುರು? ರಜಾದಿನ ಲೆಕ್ಕಕ್ಕೆ ಬರುತ್ತದೆಯೇ? ಯಾವ ಕ್ಷಣಕ್ಕೆ ನಿಲ್ಲುತ್ತದೆ? ಶುಕ್ರವಾರ ಸಂಜೆ ಸಿಕ್ಕಿದ ಪೆಟ್ಟಿಗೆಯ ಉಚಿತ ಸಮಯ ಸೋಮವಾರ ಬೆಳಿಗ್ಗೆ ನೀವು ಫೋನ್ ಎತ್ತುವ ಮೊದಲೇ ಮುಗಿದಿರಬಹುದು. ಕೊನೆಯ ಲಾರಿಯನ್ನು ರೈಲು ಇನ್ನೂ ದಾರಿಯಲ್ಲಿರುವಾಗಲೇ ಗೊತ್ತು ಮಾಡಿ.

10. ಇಳಿಸುವುದು, ಖಾಲಿ ಪೆಟ್ಟಿಗೆ ಒಪ್ಪಿಸುವುದು

ಸರಕು ಪಡೆಯುವವರಿಗೆ ಹಿಂದಿನ ದಿನವೇ ತಿಳಿಸಿ. ಪೆಟ್ಟಿಗೆಯ ನೆಲ ರಸ್ತೆಯಿಂದ ಮೀಟರಿಗಿಂತ ಎತ್ತರದಲ್ಲಿರುತ್ತದೆ. ಅವರಲ್ಲಿ ಅಷ್ಟು ಎತ್ತರದ ಕಟ್ಟೆ ಇದೆಯಾ, ಇಲ್ಲವೇ ಇಳಿಜಾರು ಹಲಗೆ ಮತ್ತು ಫೋರ್ಕ್‌ಲಿಫ್ಟ್ ಇದೆಯಾ ಕೇಳಿ. ಲಾರಿ ಕಾಯುತ್ತಿರುವಾಗಲೇ ಇಳಿಸುತ್ತೀರೋ, ಟ್ರೇಲರ್ ಬಿಟ್ಟು ಹೋಗಿ ಆಮೇಲೆ ಬರುತ್ತಾರೋ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಬಾಡಿಗೆ ಎರಡಕ್ಕೂ ಬೇರೆ ಬೇರೆ.

ಬಾಗಿಲು ತೆರೆಯುವ ಮೊದಲು ಸೀಲು ನಂಬರನ್ನು ಕಾಗದದ ಜೊತೆ ತಾಳೆ ನೋಡಿ, ಫೋಟೊ ತೆಗೆದು, ಆಮೇಲೆ ಕತ್ತರಿಸಬೇಕು. ಬಲಗಡೆಯ ಬಾಗಿಲನ್ನು ಮೊದಲು ಸ್ವಲ್ಪವೇ ತೆರೆಯಿರಿ, ಎದುರಿಗೆ ಯಾರೂ ನಿಲ್ಲಬಾರದು. ಒಳಗೆ ಜರುಗಿದ ಸರಕು ಬಾಗಿಲಿಗೆ ಒರಗಿ ನಿಂತಿದ್ದರೆ ತೆರೆದವರ ಮೈಮೇಲೆ ಬೀಳುತ್ತದೆ. ಜನ ಸತ್ತ ಉದಾಹರಣೆಗಳಿವೆ. ಹಾನಿ ಕಂಡರೆ ಇಳಿಸುವುದನ್ನು ನಿಲ್ಲಿಸಿ, ಫೋಟೊ ತೆಗೆದು, ಚಾಲಕರ ಪ್ರತಿಯಲ್ಲೂ ಬರೆದು ಸಹಿ ಮಾಡಿಸಿ. ಅಂದೇ ಸಾಗಣೆದಾರರಿಗೆ ಬರವಣಿಗೆಯಲ್ಲಿ ತಿಳಿಸಿ. ದೂರು ಕೊಡಲು ಗಡುವು ಕೆಲವೇ ದಿನ ಇರುತ್ತದೆ. ಸಿಎಂಆರ್ ಒಪ್ಪಂದದಲ್ಲಿ ಹೊರಗೆ ಕಾಣದ ಹಾನಿಗೆ ರಜಾದಿನ ಬಿಟ್ಟು 7 ದಿನ.

ಪೆಟ್ಟಿಗೆ ಖಾಲಿಯಾದ ಮೇಲೆ ಗುಡಿಸಿ, ಮೊಳೆ, ಮರದ ತುಂಡು, ಬೆಲ್ಟ್‌ಗಳನ್ನು ತೆಗೆಯಿರಿ, ಹಳೆಯ ಅಪಾಯದ ಚೀಟಿಗಳನ್ನು ಕಿತ್ತುಹಾಕಿ. ಕೊಳಕಾಗಿ ಕೊಟ್ಟರೆ ತೊಳೆಯುವ ಶುಲ್ಕ ಹಾಕುತ್ತಾರೆ. ಯಾವ ಡಿಪೊಗೆ ವಾಪಸ್ ಕೊಡಬೇಕು ಎಂದು ಅಂದಿನ ಬೆಳಿಗ್ಗೆ ಮತ್ತೊಮ್ಮೆ ಕೇಳಿ, ಅದು ಬದಲಾಗುತ್ತಿರುತ್ತದೆ. ಡಿಪೊ ಗೇಟಿನಲ್ಲಿ ಕೊಡುವ ರಸೀದಿಯಲ್ಲಿ ತಾರೀಕು ಮತ್ತು ಗಂಟೆ ಇದೆಯೇ ನೋಡಿ. ತಿಂಗಳ ಕೊನೆಗೆ ಡಿಟೆನ್ಷನ್ ಬಿಲ್ಲು ಬಂದಾಗ ತೋರಿಸಲು ನಿಮ್ಮ ಹತ್ತಿರ ಇರುವುದು ಆ ಒಂದು ಚೀಟಿ.